ಕಣ್ಣು ಮುಚ್ಚಿ ಆರಿಸಿದ ಕೋಲು

ದೇರೆಬೈಲಿನ ಮ್ಯಾಕ್ಸಿಮ್ ಪಿಂಟೊನ ಕಿವಿಯ ಮೇಲೆ ಅವನಿಗಿಂತ ಊರಿನವರಿಗೇ ಹೆಚ್ಚು ಭರವಸೆ. ದೊಡ್ಡ ಹಡಗುಗಳನ್ನು ಎಳೆದು ದಕ್ಕೆಗೆ ತರುವ ಟಗ್ ದೋಣಿಗಳಲ್ಲಿ ಇಂಜಿನಿಯರನಾಗಿ ಅವನು ಅರ್ಧ ಆಯುಷ್ಯ ಕಳೆದಿದ್ದ. ಇಂಜಿನಿನ ರೋಗ ಯಾರಿಗೂ ಗೊತ್ತಾಗದೆ ಎಲ್ಲರೂ ತಲೆ ಕೆರೆದುಕೊಳ್ಳುವಾಗ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಇಂಥ ಕಡೆಯ ಬೇರಿಂಗ್ ಸವೆದಿದೆ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ನೆರೆಮನೆಯವರು ಹಲಸಿನಕಾಯಿ ಹೊತ್ತುಕೊಂಡು ಅವನ ಗೇಟಿಗೆ ಬಂದದ್ದೂ ಉಂಟು. ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, "ನಾಡಿದ್ದು ಕೊರೆಯಿರಿ" ಎಂದರೆ ಮುಗಿಯಿತು.

ಗಾಲ್ಫ್ ಅವನ ಬದುಕಿಗೆ ಬಂದದ್ದೂ ಕಿವಿಯ ದಾರಿಯಿಂದಲೇ. ಟಗ್ ಸೇರುವ ಮೊದಲು, ಮೀಸೆ ಸರಿಯಾಗಿ ಮೂಡದ ಪ್ರಾಯದಲ್ಲಿ, ಅದಿರು ಸಾಗಿಸುವ ಜಪಾನಿನ ಹಡಗೊಂದರಲ್ಲಿ ಅವನು ಎಣ್ಣೆ ಹಾಕುವ ಕೆಲಸಕ್ಕಿದ್ದ. ಅಲ್ಲಿಯ ಚೀಫ್ ಇಂಜಿನಿಯರ್ ಒಕಾಮೊಟೊ ಎಂಬ ಸಣಕಲು ಮನುಷ್ಯ, ಸಂಜೆ ಕೆಲಸ ಮುಗಿದ ಮೇಲೆ ಡೆಕ್ಕಿನ ಮೇಲೆ ಹಳೆಯ ಸರಕಿನ ಬಲೆ ಕಟ್ಟಿ, ಅದಕ್ಕೆ ಗಾಲ್ಫ್ ಚೆಂಡು ಹೊಡೆಯುತ್ತಿದ್ದ. ಒಂದು ದಿನ ಕೋಲನ್ನು ಇವನ ಕೈಗೆ ಕೊಟ್ಟ. ತನ್ನ ಊರಿನ ಹತ್ತಿರ ಹಿಂದೆ ಕತ್ತಿ ಬಡಿಯುತ್ತಿದ್ದ ಕಮ್ಮಾರರ ಸೀಮೆ ಉಂಟು, ಈ ಕೋಲಿನ ತಲೆಯನ್ನು ಅಲ್ಲಿಯವರು ಮೆದು ಉಕ್ಕನ್ನು ಕಾಯಿಸಿ ಬಡಿದು ಮಾಡಿದ್ದು, ಎರಕ ಹೊಯ್ದದ್ದಲ್ಲ ಎಂದು ಹರುಕು ಇಂಗ್ಲಿಷಿನಲ್ಲಿ ಹೇಳಿದ. ಮ್ಯಾಕ್ಸಿಮ್ ಬೀಸಿದ. ಮೊದಲೆರಡು ಸಲ ಬರೀ ಗಾಳಿ. ಮೂರನೆಯ ಸಲ ಚೆಂಡು ಕೋಲಿನ ನಟ್ಟನಡುವಿಗೆ ತಾಗಿತು. ತುಂಬಿದ ಕೊಡಕ್ಕೆ ಮೆಲ್ಲಗೆ ತಟ್ಟಿದಂಥ ಒಂದು ಸದ್ದು. ಮಾಗಿದ ಪಪ್ಪಾಯಿಗೆ ಕತ್ತಿ ಇಳಿದಂತೆ ಅಂಗೈಯಲ್ಲಿ ಒಂದು ಸುಖ. ಇಷ್ಟು ವರ್ಷಗಳಾದರೂ ಆ ಸುಖವನ್ನು ಅವನು ಮರೆತಿರಲಿಲ್ಲ.

ಟಗ್ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಪಿಲಿಕುಳದ ಕಡೆಯ ಗಾಲ್ಫ್ ಮೈದಾನಕ್ಕೆ ಹೋಗತೊಡಗಿದ. ಕರಕೊಂಡು ಹೋದವನು ಮೋಹನದಾಸ್. ಕಾಟಿಪಳ್ಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಈ ಮೋಹನದಾಸ್ ಬಹರೈನಿನಲ್ಲಿದ್ದಾಗ ಮರಳಿನ ಮೇಲೆ ಗಾಲ್ಫ್ ಕಲಿತವನು. ದೊಡ್ಡ ಬಾಯಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮನಸ್ಸು. ತುಳುವರು ಕ್ರೈಸ್ತರನ್ನು ಕರೆಯುವ ಹಳೆಯ ಮರ್ಯಾದೆಯ ಹೆಸರನ್ನು ಹಿಡಿದು ಮ್ಯಾಕ್ಸಿಮ್‌ನನ್ನು "ಪೊರ್ಬುಗಳೇ" ಎಂದು ತಮಾಷೆಗೆ ಕರೆಯುತ್ತಿದ್ದ. ಮ್ಯಾಕ್ಸಿಮ್‌ನದು ಯಾರೋ ಬಿಟ್ಟುಕೊಟ್ಟ ಎರಕದ ಕೋಲುಗಳ ಸೆಟ್. ಖಾಲಿ ಡಬ್ಬಕ್ಕೆ ಹೊಡೆದಂತಹ ಸದ್ದು. ಆದರೂ ಬೇರೆಯವರ ಕೋಲುಗಳನ್ನು ಕೇಳಿ ಕೇಳಿಯೇ ಅವುಗಳ ಜಾತಕ ಹೇಳುತ್ತಿದ್ದ. ಯಾರಾದರೂ ಹೊಸ ಐರನ್, ಅಂದರೆ ಉಕ್ಕಿನ ತಲೆಯ ಕೋಲು, ತಂದರೆ, "ಮೊದಲು ಪೊರ್ಬುಗಳಿಗೆ ಕೇಳಿಸಿ" ಎನ್ನುವುದು ಅಲ್ಲಿ ಗಾದೆಯಂತಾಯಿತು.

ಆ ಕಿವಿ ಹೋಗಲು ಶುರುವಾದದ್ದು ಯಾವಾಗ ಎಂದು ಅವನಿಗೂ ಹೇಳಲಾಗದು. ಒಂದು ಮಳೆಗಾಲದಲ್ಲಿ ಜೀರುಂಡೆಗಳು ಈ ವರ್ಷ ಕಡಿಮೆ ಎಂದುಕೊಂಡ. ಕುಕ್ಕರಿನ ಸೀಟಿ ಹಾಳಾಗಿದೆ ಎಂದು ಹೊಸದು ತಂದು ಹಾಕಿದ. ಇಗರ್ಜಿಯಲ್ಲಿ ಪಾದ್ರಿಗಳು ಇತ್ತೀಚೆಗೆ ಬಾಯೊಳಗೇ ಮಾತಾಡುತ್ತಾರೆ ಎಂದು ಬೈದುಕೊಂಡ. ಕೊನೆಗೊಂದು ದಿನ ಗೇಟಿನ ಬಳಿ ನಿಂತು ಬೆಲ್ ಒತ್ತಿ ಒತ್ತಿ ಸೋತ ಪಕ್ಕದ ಮನೆಯ ಬೆನಿಟಾ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, "ಎಂತ ಅಂಕಲ್, ನಿದ್ದೆಯಾ?" ಎಂದಾಗ ಅವನು ಎಚ್ಚರವಾಗಿಯೇ ಇದ್ದ, ಬೆಲ್ಲಿನ ಕೆಳಗೇ ಕುಳಿತಿದ್ದ. ಇಂಜಿನ್ ರೂಮು ತನ್ನ ಪಾಲನ್ನು ತೆಗೆದುಕೊಂಡಿತ್ತು.

ಅವನು ಯಾರಿಗೂ ಹೇಳಲಿಲ್ಲ. ಉಳಿದವರು ನಕ್ಕ ಮೇಲೆ ನಗುವುದನ್ನು ಕಲಿತ. ಎದುರಿನವರಿಗೆ ಮಾತಿಗೆ ಅವಕಾಶ ಸಿಗದಂತೆ ತಾನೇ ಹೆಚ್ಚು ಮಾತಾಡುವುದನ್ನು ಕಲಿತ. ಇಗರ್ಜಿಯ ನೆರೆಹೊರೆಯವರು ಸೇರುವ ವಾಡೆಯ ಪ್ರಾರ್ಥನಾ ಕೂಟಕ್ಕೆ ಹೋಗುವುದನ್ನು ಬಿಟ್ಟ. ದಪ್ಪ ದನಿ ಅಷ್ಟಿಷ್ಟು ಕೇಳುತ್ತಿತ್ತು. ಮೋಹನದಾಸನ ಗಂಟಲಂತೂ ಗುಡ್ಡದಾಚೆಗೂ ಕೇಳುವಂಥದು. ಹೋದದ್ದು ಸಣ್ಣ ದನಿಗಳು. ಹಕ್ಕಿಗಳದ್ದು, ಚಮಚದ್ದು, ಹೆಂಗಸರದ್ದು.

ಅವನ ಹೆಂಡತಿ ಲೂರ್ಡ್ಸ್ ಕುವೈತಿನಲ್ಲಿ ನರ್ಸ್. ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಮುಖ್ಯಸ್ಥೆ. ಅವರಿಗೆ ಮಕ್ಕಳಿರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಬಹುಕಾಲ ದುಡಿದ ಮೇಲೆ ಅಲ್ಲಿಂದ ಕರೆ ಬಂದಾಗ, "ನಿಮ್ಮದು ಹೇಗೂ ಸಮುದ್ರ, ನಂದು ಮರಳು, ನಾಲ್ಕು ವರ್ಷ ನೋಡುವ" ಎಂದು ನಗುತ್ತಲೇ ಹೋದವಳು. ಮದುವೆಯಾದಂದಿನಿಂದ ಅವಳು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಕೊಂಕಣಿಯಲ್ಲಿ "ಆಯ್ಕಾಲೆಂಗೀ?" ಎನ್ನುವಳು. ಕೇಳಿತಾ ಎಂದು ಅರ್ಥ. ಫೋನಿನಲ್ಲೂ ಹಾಗೆಯೇ. ಸಂಜೆ ಚಹದ ಹೊತ್ತಿಗೆ ಅವಳ ಕರೆ ಬರುತ್ತಿತ್ತು. ಮೊದಮೊದಲು ಮ್ಯಾಕ್ಸಿಮ್ ಕಿವಿಗೆ ಒತ್ತಿ ಹಿಡಿದು ಮುಕ್ಕಾಲು ಹಿಡಿಯುತ್ತಿದ್ದ, ಆಮೇಲೆ ಅರ್ಧ, ಆಮೇಲೆ ಬರೀ ದನಿಯ ಏರಿಳಿತ. ಏರಿದರೆ ಪ್ರಶ್ನೆ. ಪ್ರಶ್ನೆಗೆ "ಹ್ಞೂಂ" ಎಂದರೆ ಸಾಮಾನ್ಯವಾಗಿ ನಡೆಯುತ್ತದೆ. ವಿಡಿಯೋ ಕರೆಯನ್ನು ಅವನು ನೆಟ್ ಇಲ್ಲವೆಂದು ತಪ್ಪಿಸುತ್ತಿದ್ದ. ತಾನು ತಡವರಿಸುವುದನ್ನು ಮುಖದಲ್ಲಿ ಅವಳು ಕಂಡುಹಿಡಿದುಬಿಟ್ಟಾಳು ಎಂಬ ಹೆದರಿಕೆ. ಅವಳಿಗೆ ಹೇಳಿದರೆ ಎಲ್ಲ ಬಿಟ್ಟು ಓಡಿಬರುತ್ತಾಳೆ, ಬಂದರೆ ಮುಂದೆ ತಾನು ಗಂಡನಲ್ಲ, ರೋಗಿ ಎಂಬ ಇನ್ನೊಂದು ಹೆದರಿಕೆ. ಹೇಗೂ ಏಪ್ರಿಲಿನಲ್ಲಿ ಅವಳ ಕರಾರು ಮುಗಿಯುತ್ತದೆ, ಬಂದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದು ದಿನ ದೂಡುತ್ತಿದ್ದ.

ಜನವರಿಯ ಒಂದು ಸಂಜೆ ಲೂರ್ಡ್ಸ್ ತುಂಬ ಹೊತ್ತು ಮಾತಾಡಿದಳು. ಮ್ಯಾಕ್ಸಿಮ್ ನಡುನಡುವೆ ಹ್ಞೂಂಗುಟ್ಟುತ್ತ ಜಗಲಿಯ ಚಟ್ಟೆಯ ಮೇಲೆ ಕುಳಿತಿದ್ದ. ಕೊನೆಯಲ್ಲಿ ದನಿ ಏರಿತು, ನಿಂತಿತು. ಉತ್ತರ ಬೇಕಾಗಿದೆ ಎಂದು ಅವನಿಗೆ ತಿಳಿಯಿತು.

"ಆಯ್ತು. ಹಾಗೆಯೇ ಮಾಡು" ಎಂದ.

ಆ ಕಡೆ ಏನೂ ಇಲ್ಲ. ಲೈನ್ ಹೋಯಿತೇ ಎಂದು ಪರದೆ ನೋಡಿದ, ಹೋಗಿರಲಿಲ್ಲ. ಆಮೇಲೆ ಅವಳು ಏನೋ ಚಿಕ್ಕದಾಗಿ ಹೇಳಿ ಇಟ್ಟಳು.

ಅಂದಿನಿಂದ ಕರೆಗಳು ಗಿಡ್ಡವಾದವು. ಒಂದೊಂದು ದಿನ ಬರಲೇ ಇಲ್ಲ. ಮ್ಯಾಕ್ಸಿಮ್‌ಗೆ ಒಳಗೊಳಗೇ ನಿರಾಳವೂ ಆಯಿತು, ನೋವೂ ಆಯಿತು. ಯಾಕೆ ಎಂದು ಕೇಳಲು ಧೈರ್ಯವಾಗಲಿಲ್ಲ. ಕೇಳಿದರೂ ಉತ್ತರ ಕೇಳಿಸಬೇಕಲ್ಲ. ಮಾರ್ಚಿನ ಮೊದಲಲ್ಲಿ ಅವಳಿಂದ ಒಂದು ಸಂದೇಶ ಬಂತು. ಮೇ ತಿಂಗಳಲ್ಲಿ ನಿಮಗೆ ಅರುವತ್ತು ತುಂಬುತ್ತದೆ. ನೀವು ಯಾವಾಗಲೂ ಹೇಳುವ ಆ ಜಪಾನಿನ ಕೋಲುಗಳನ್ನು ನಾನು ಕೊಡಿಸುತ್ತೇನೆ. ಹೊಡೆದು ನೋಡಿ, ನಿಮ್ಮ ಮನಸ್ಸಿಗೆ ಬಂದದ್ದನ್ನು ಆರಿಸಿ. ಅವನು ಅದನ್ನು ಮತ್ತೆ ಮತ್ತೆ ಓದಿದ. ಬರುವವಳು ಬಂದೇ ಕೊಡಿಸಬಹುದಿತ್ತಲ್ಲ ಎಂದು ಒಂದು ಕ್ಷಣ ಅನಿಸಿತು. ಆದರೆ ಸಂತೋಷ ದೊಡ್ಡದಿತ್ತು. ಆ ಸಣ್ಣ ಅನುಮಾನ ಅದರಡಿ ಮುಚ್ಚಿಹೋಯಿತು.

ಮೋಹನದಾಸ್ ಕೂಡಲೇ ಝಿಯಾದ್‌ಗೆ ಫೋನ್ ಹಚ್ಚಿದ. ಬಂದರಿನಲ್ಲಿ ಆಟದ ಸಾಮಾನಿನ ಮಳಿಗೆ ಇಟ್ಟಿರುವ ಝಿಯಾದ್, ದುಬೈಯಿಂದ ಇಂಥ ಕೋಲುಗಳನ್ನು ತರಿಸಿ, ಮೈದಾನಕ್ಕೇ ತಂದು, ಹೊಡೆದು ನೋಡಲು ಕೊಡುವವನು. ಮುಂದಿನ ಶನಿವಾರ ಬೆಳಿಗ್ಗೆ ಅವನ ವ್ಯಾನು ಗುಡ್ಡ ಹತ್ತಿತು.

ಬಿಳಿ ಬಟ್ಟೆ ಹಾಸಿ ಝಿಯಾದ್ ಒಂದೊಂದನ್ನೇ ಮಲಗಿಸಿದ. ಮೂರು ಸೆಟ್ ಐರನ್. ಒಂದರ ಬೆನ್ನು ಮಟ್ಟಸ. ಚೂರಿಯಂತೆ ತೆಳು, ತಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸ್ವಲ್ಪ ಆಚೀಚೆ ತಾಗಿದರೂ ಕ್ಷಮಿಸದ ಕೋಲು. ಎರಡನೆಯದರ ಬೆನ್ನನ್ನು ತುಸು ಕೊರೆದು ಭಾರವನ್ನು ಅಂಚಿಗೆ ತಳ್ಳಿದ್ದರು. ವಯಸ್ಸಾದವರ ಕೈಗೆ ಅದು ಹಿತ. ಮೂರನೆಯದರ ಹೊಳಪಿನ ಕೆಳಗೆ ತಾಮ್ರದ ತೆಳು ಪದರ ಉಂಟು, ಅದರಿಂದ ತಾಗುವಾಗ ಇನ್ನೂ ಮೆದು ಎಂದು ಝಿಯಾದ್ ಹೇಳಿದ. ಅದರಾಚೆ ವೆಜ್‌ಗಳು, ಹತ್ತಿರದ ಚೆಂಡನ್ನು ಮೇಲಕ್ಕೆತ್ತಿ ಮೆಲ್ಲಗೆ ಬೀಳಿಸಲು ಬಳಸುವ ಅಗಲ ಮುಖದ ಕೋಲುಗಳು. ಕೊನೆಯಲ್ಲಿ ಎರಡು ಪಟರ್. ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿ ಗುಳಿಗೆ ಸೇರಿಸುವಂಥವು. ಒಂದನ್ನು ಇಡಿಯ ಉಕ್ಕಿನ ಗಟ್ಟಿಯಿಂದಲೇ ಕೊರೆದು ತೆಗೆದದ್ದು, ಇನ್ನೊಂದರ ಮುಖಕ್ಕೆ ಮೆದು ಪಟ್ಟಿ ಕೂರಿಸಿದ್ದು.

ಮ್ಯಾಕ್ಸಿಮ್ ಅವುಗಳ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತ. ಕಣ್ಣಿಗೆ ಹಬ್ಬ. ತೆಳು ಕೋಲಿನ ತಲೆಯನ್ನು ಹೆಬ್ಬೆರಳಿನಿಂದ ಸವರಿದ. ಒಕಾಮೊಟೊನ ಕೋಲಿಗೂ ಇದೇ ಇಳಿಜಾರು ಭುಜ, ಇದೇ ತಣ್ಪು.

"ಹೊಡೀರಿ ಅಂಕಲ್, ನೋಡ್ತಾ ಕೂತ್ರೆ ಅದು ಮಾತಾಡ್ತದಾ?" ಎಂದ ಝಿಯಾದ್.

ಮೊದಲನೆಯದನ್ನು ಹೊಡೆದ. ಚೆಂಡು ನೆಟ್ಟಗೆ ಹಾರಿ ದೂರದ ಗೋಳಿಮರದ ನೇರಕ್ಕೆ ಬಿತ್ತು. ಒಳ್ಳೆಯ ಹೊಡೆತವೇ. ಆದರೆ ಏನೋ ಬರಲಿಲ್ಲ. ಕೈಗೆ ಒಂದು ತಾಗು, ಅಷ್ಟೆ. ಗಾಳಿ ಜೋರಿದೆ ಎಂದುಕೊಂಡ. ಎರಡನೆಯದನ್ನು ಹೊಡೆದ. ಅದೇ ತಾಗು. ತಾಮ್ರದ ಪದರದ್ದನ್ನು ಮೂರು ಸಲ ಹೊಡೆದ. ಒಂದಂತೂ ನಟ್ಟನಡುವಿಗೆ ತಾಗಿತೆಂದು ಚೆಂಡಿನ ಹಾದಿಯೇ ಹೇಳುತ್ತಿತ್ತು. ಅಂಗೈ ಮೂಕವಾಗಿತ್ತು. ಪಟರ್ ಎತ್ತಿಕೊಂಡು ಒಂದರ ಹಿಂದೊಂದು ಚೆಂಡು ಉರುಳಿಸಿದ. ಗಟ್ಟಿ ಉಕ್ಕಿನದೂ ಮೆದು ಪಟ್ಟಿಯದೂ ನೀರಿನಡಿಯಲ್ಲಿ ತಾಗಿದಂತೆ ಒಂದೇ ತರ.

ಅಷ್ಟರಲ್ಲಿ ಬೆಳಗಿನ ಆಟ ಮುಗಿಸಿದವರು ಸುತ್ತ ಸೇರಿದ್ದರು. ಮೋಹನದಾಸ್‌ಗೆ ಹುರುಪು ಬಂತು. "ಎಲ್ಲ ಇಲ್ಲಿ ಬನ್ನಿ! ಪೊರ್ಬುಗಳ ಕಣ್ಣು ಕಟ್ಟುವ. ಯಾವ್ದು ಯಾವ ಕೋಲು ಅಂತ ಹೇಳ್ತಾರೆ ನೋಡಿ. ಝಿಯಾದ್, ನಿನ್ನ ತಾಮ್ರ ಗಿಮ್ರ ಎಲ್ಲ ಈಗ ಬಯಲಿಗೆ ಬರ್ತದೆ!"

"ಬೇಡ ಮಾರಾಯ" ಎಂದ ಮ್ಯಾಕ್ಸಿಮ್. ಮೋಹನದಾಸ್ ಬಿಡುವ ಗಿರಾಕಿಯಲ್ಲ. ಬೆವರೊರೆಸುವ ಟವಲನ್ನು ತಂದು ಕಣ್ಣಿಗೆ ಸುತ್ತಿಯೇ ಬಿಟ್ಟ. ಕತ್ತಲಾಯಿತು. ಕಣ್ಣೂ ಇಲ್ಲದ ಆ ಹೊತ್ತಿನಲ್ಲಿ ಮ್ಯಾಕ್ಸಿಮ್‌ಗೆ ಸುತ್ತ ಜನ ಇರುವರೇ ಇಲ್ಲವೇ ಎಂದು ಕೂಡ ತಿಳಿಯಲಿಲ್ಲ. ಯಾರೋ ಕೋಲು ಕೈಗಿಡುತ್ತಿದ್ದರು, ಕಾಲ ಹತ್ತಿರ ಚೆಂಡು ಕೂರಿಸಿ ಭುಜ ತಟ್ಟುತ್ತಿದ್ದರು, ಅವನು ಬೀಸುತ್ತಿದ್ದ. ಒಂದು. ಎರಡು. ಮೂರು. ಕಿವಿಯ ಒಳಗೆ ಹಳೆಯ ಇಂಜಿನಿನಂಥ ಒಂದು ಗುಂಯ್‌ಗುಟ್ಟುವಿಕೆ ಮಾತ್ರ. ನಾಲ್ಕನೆಯದರ ಹಿಡಿ ತುಸು ದಪ್ಪನೆ ಇತ್ತು, ಕೈಗೆ ಬಿಗಿಯಾಗಿ ಕೂತಿತು. ಹೊಡೆದಾಗ ಉಳಿದವಕ್ಕಿಂತ ಹೆಚ್ಚು ಏನೋ ಮೊಣಕೈವರೆಗೆ ಹತ್ತಿತು. ಏನೂ ತಾಗದ ಕೈಗೆ ಅಷ್ಟೇ ಭಾಗ್ಯವೆನಿಸಿತು.

"ಇದು" ಎಂದ ಗಟ್ಟಿಯಾಗಿ. "ಇದೇ. ಇದರಲ್ಲಿ ಜೀವ ಉಂಟು."

ಟವಲು ಬಿಚ್ಚಿದರು. ಅವನ ಕೈಯಲ್ಲಿದ್ದದ್ದು ಮೈದಾನದವರು ಕಲಿಯುವವರಿಗೆ ಬಾಡಿಗೆಗೆ ಕೊಡುವ ಹಳೆಯ ಎರಕದ ಕೋಲು. ಹೊಳಪು ಕಿತ್ತುಹೋಗಿತ್ತು, ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಕುಚೋದ್ಯಕ್ಕೆಂದು ಮೋಹನದಾಸನೇ ಅದನ್ನು ನಡುವೆ ಸೇರಿಸಿದ್ದ. ಮ್ಯಾಕ್ಸಿಮ್ ಅದನ್ನು ತಾಗಿಸಿದೊಡನೆ ಬಿಸಾಡುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಎಂದು ಅವನ ಲೆಕ್ಕ.

ಮೋಹನದಾಸ್ ತೊಡೆ ಬಡಿದುಕೊಂಡು ನಕ್ಕ. "ಅಯ್ಯೋ ಪೊರ್ಬುಗಳೇ! ನಮ್ಮನ್ನೆಲ್ಲ ಮಂಗ ಮಾಡಿದ್ರಲ್ಲ! ಗೊತ್ತಿದ್ದೂ ಹೇಗೆ ಹೇಳಿದ್ರು ನೋಡಿ, ಜೀವ ಉಂಟಂತೆ!"

ಎಲ್ಲರೂ ನಕ್ಕರು. ಝಿಯಾದ್ ತಲೆಯ ಮೇಲೆ ಕೈಹೊತ್ತು, "ನೀವೇ ಹೀಗೆ ಹೇಳಿದ್ರೆ ನಾನು ಅಂಗಡಿ ಮುಚ್ಚೂದೇ ಅಂಕಲ್" ಎಂದ. ಅವರ ಬಾಯಿಗಳು ತೆರೆದು ಮುಚ್ಚುವುದನ್ನು ನೋಡಿ, ಒಂದು ಹೆಜ್ಜೆ ತಡವಾಗಿ, ಮ್ಯಾಕ್ಸಿಮ್ ಕೂಡ ನಕ್ಕ. ಸೋತದ್ದನ್ನು ಅಲ್ಲಿ ಯಾರೂ ಕಾಣಲಿಲ್ಲ. ಕಂಡಿದ್ದರೆ ಒಳ್ಳೆಯದಿತ್ತೇನೋ. ಹಡಗಿನ ಡೆಕ್ಕಿನಿಂದ ಇಲ್ಲಿಯವರೆಗೆ ತನ್ನ ಅಂಗೈಯಲ್ಲಿದೆ ಎಂದು ಕಾಪಾಡಿಕೊಂಡು ಬಂದ ಸುಖ ಅಂಗೈಯದ್ದೇ ಆಗಿರಲಿಲ್ಲ, ಕಿವಿಯದ್ದು ಎಂದು ಆ ನಗುವಿನ ನಡುವೆ ಅವನಿಗೆ ತಿಳಿಯಿತು. ಕಿವಿ ಕೇಳಿದ್ದನ್ನು ಕೈ ತನ್ನದೆಂದುಕೊಂಡಿತ್ತು.

ಜನ ಚದುರಿದ ಮೇಲೆ ಇಬ್ಬರೂ ಕ್ಯಾಂಟೀನಿನ ಕಲ್ಲುಬೆಂಚಿನಲ್ಲಿ ಚಹಕ್ಕೆ ಕುಳಿತರು. ಮೋಹನದಾಸ್ ಬನ್ಸ್ ಮುರಿದು ಬಾಯಿಗಿಟ್ಟುಕೊಂಡು ಏನೋ ಹೇಳಿದ. "ಎರಡು" ಎಂಬುದೂ, ಆಮೇಲೆ "ಶೈನ್" ಎಂಬಂಥದೂ ಮ್ಯಾಕ್ಸಿಮ್‌ನ ಕಿವಿಗೆ ಬಿತ್ತು.

"ಹೌದು, ಎರಡಕ್ಕೂ ಶೈನ್ ಒಳ್ಳೇದುಂಟು" ಎಂದ. "ಆದ್ರೆ ತಾಮ್ರದ್ದು ಬೇಗ ಮಾಸ್ತದೆ."

ಮೋಹನದಾಸ್ ಅಗಿಯುವುದನ್ನು ನಿಲ್ಲಿಸಿದ. "ಎಂತ ಶೈನ್? ನಾನು ಲೂರ್ಡ್ಸಕ್ಕನ ವಿಷಯ ಹೇಳಿದ್ದು ಮಾರಾಯ್ರೆ. ಇನ್ನು ಎರಡು ವರ್ಷಕ್ಕೆ ಸೈನ್ ಮಾಡಿದ್ರಂತಲ್ಲ?"

ಈ ಸಲ ಮಾತು ಸ್ಪಷ್ಟವಾಗಿಯೇ ಕೇಳಿತು. ಮ್ಯಾಕ್ಸಿಮ್ ಲೋಟ ಕೆಳಗಿಟ್ಟ. "ಯಾರು ಹೇಳಿದ್ದು?"

"ದೇಯಿಗೆ ಅವರೇ ಹೇಳಿದ್ದಂತೆ, ಫೋನಲ್ಲಿ." ದೇಯಿ ಮೋಹನದಾಸನ ಹೆಂಡತಿ, ಲೂರ್ಡ್ಸ್‌ಳ ಗೆಳತಿ. "ಬರ್ಲಾ, ಇರ್ಲಾ ಅಂತ ನಿಮ್ಮನ್ನೇ ಕೇಳಿದ್ರಂತೆ. ನೀವು ಹಾಗೆಯೇ ಮಾಡು ಅಂದ್ರಂತೆ, ಒಂದು ಮಾತು ಹೆಚ್ಚಿಗೆ ಆಡ್ಲಿಲ್ಲ ಅಂತೆ. ನಿಮ್ಮ ಹುಟ್ಟುಹಬ್ಬಕ್ಕೆ ಇರ್ಲಿಕ್ಕೆ ಆಗೂದಿಲ್ಲ ಅಂತ ಕೋಲು ಕೊಡಿಸ್ತಾ ಇದ್ದಾರೆ." ತನ್ನ ಮಟ್ಟಿಗೆ ತಗ್ಗಿದ ದನಿಯಲ್ಲಿ ಕೇಳಿದ, "ನಿಮ್ಮೊಳಗೆ ಎಂತಾದ್ರೂ ಆಗಿದೆಯಾ ಪೊರ್ಬುಗಳೇ?"

"ಇಲ್ಲ" ಎಂದ ಮ್ಯಾಕ್ಸಿಮ್. "ಎಂತ ಆಗ್ಲಿಕ್ಕೆ?"

ಎದ್ದು ನಡೆದ. ನೇರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಝಿಯಾದ್‌ನ ಬಟ್ಟೆಯ ಮೇಲಿಂದ, ಯಾಕೆಂದು ಯೋಚಿಸದೆ, ಕೈಗೆ ಸಿಕ್ಕ ಒಂದು ವೆಜ್ ಎತ್ತಿಕೊಂಡು, ಜೇಬಿಗೆ ನಾಲ್ಕು ಚೆಂಡು ಹಾಕಿಕೊಂಡು, ಮೈದಾನದ ಕೊನೆಗೆ ಹೋದ. ಅಲ್ಲಿ ಯಾರೂ ಹೋಗುವುದಿಲ್ಲ. ಬಿಸಿಲಿಗೆ ಹುಲ್ಲು ಸುಟ್ಟು ಮುರಕಲ್ಲಿನ ಕೆಂಪು ನೆಲ ಹೊರಗೆ ಬಂದಿದೆ, ಪಕ್ಕದಲ್ಲಿ ಗೇರುಮರಗಳು. ಚೆಂಡು ಬೀಳಿಸಿ ಹೊಡೆಯತೊಡಗಿದ. ತಲೆಯೊಳಗೆ ಜನವರಿಯ ಆ ಸಂಜೆ ಓಡುತ್ತಿತ್ತು. ಅವಳ ದನಿ ಏರಿದ್ದು, ನಿಂತದ್ದು. ಅವಳು ಏನನ್ನು ಕೇಳಿರಬಹುದು, ಹೇಗೆ ಕೇಳಿರಬಹುದು? ಬಂದುಬಿಡಲೇ ಎಂದೇ, ಇನ್ನು ಸಾಕಾಯಿತು ಎಂದೇ? ಲೈನಿನಲ್ಲಿ ಆ ಏನೂ ಇಲ್ಲದ ಹೊತ್ತು ಅವಳು ಎಲ್ಲಿ ನಿಂತಿದ್ದಳು? ಗೋಡೆಗೆ ಒರಗಿದ್ದಳೋ ಏನೋ.

ವೆಜ್ ನೆಲಕ್ಕೆ ತಾಗಿ ಪುಟಿಯಿತು, ಚೆಂಡು ಅಡ್ಡ ಹೋಯಿತು. ಮತ್ತೆ ಹೊಡೆದ. ಆಗ ಒಂದು ಸಂಗತಿ ಅವನ ಗಮನಕ್ಕೆ ಬಂತು. ಗಟ್ಟಿ ನೆಲ, ಅದರ ಮೇಲಿನ ಅರ್ಧ ಬೆರಳು ಹುಡಿಮಣ್ಣು, ಒಣಬೇರು, ಎಲ್ಲವೂ ಕೋಲಿನ ತಳದಿಂದ ಹತ್ತಿ ಮಣಿಕಟ್ಟಿಗೆ ಬರುತ್ತಿದ್ದವು. ಕೋಲನ್ನು ತುಸು ಮುಂದಕ್ಕೆ ಬಾಗಿಸಿದರೆ ತಳದ ಅಂಚು ಮಣ್ಣಿಗೆ ಕಚ್ಚುತ್ತಿತ್ತು, ಹಿಂದಕ್ಕೆ ಬಾಗಿಸಿದರೆ ಜಾರುತ್ತಿತ್ತು. ಇದಕ್ಕೆ ಸದ್ದು ಬೇಕಿರಲಿಲ್ಲ. ಝಿಯಾದ್‌ನ ಹತ್ತಿರ ಹೋಗಿ ಇನ್ನೊಂದು ವೆಜ್ ತಂದು ಹೊಡೆದು ನೋಡಿದ. ಅದರ ತಳ ಅಗಲ; ಮರಳಿಗೆ ಸರಿ, ಈ ನೆಲದಲ್ಲಿ ಪ್ರತಿ ಸಲವೂ ಪುಟಿಯಿತು. ಮೊದಲನೆಯದರ ತಳ ತೆಳು, ಹಿಂಬದಿ ಸವರಿ ತೆಗೆದದ್ದು. ಅದು ಮಣ್ಣಿನ ಮೇಲೆ ಹಾದುಹೋಗುವಾಗ ಕುರುಡನ ಕೈಹಿಡಿದು ಯಾರೋ ದಾರಿ ಹೇಳಿದಂತಿತ್ತು. ಬಹಳ ಹೊತ್ತು ಹೊಡೆದ. ಬಿಸಿಲು ನೆತ್ತಿಗೆ ಬಂದಾಗ ಕೆಂಪು ಹುಡಿ ಮೊಣಕಾಲವರೆಗೆ ಹತ್ತಿತ್ತು. ಕಣ್ಣೊರೆಸಿಕೊಂಡದ್ದರಿಂದ ಮುಖಕ್ಕೂ ಹತ್ತಿತ್ತು.

ಸಂಜೆ, ಈ ಸಲ ತಾನೇ, ವಿಡಿಯೋ ಕರೆ ಹಚ್ಚಿದ. ಲೂರ್ಡ್ಸ್ ಡ್ಯೂಟಿ ಮುಗಿಸಿ ಕೋಣೆಗೆ ಬಂದವಳು, ಇನ್ನೂ ಸಮವಸ್ತ್ರದಲ್ಲಿದ್ದಳು. ತಿಂಗಳುಗಳ ಮೇಲೆ ಅವಳ ಮುಖ ನೋಡಿದ. ಕಣ್ಣಿನ ಸುತ್ತ ಕಪ್ಪಾಗಿತ್ತು. ಅವಳ ತುಟಿ ಅಲ್ಲಾಡಿತು. ಕೋಲು ಆರಿಸಿದಿರಾ ಎಂದಿರಬೇಕು.

"ಲೂರ್ಡ್ಸ್, ನೀನು ಮಾತಾಡ್ಬೇಡ" ಎಂದ. "ನಾನು ಹೇಳ್ತೇನೆ, ನೀನು ಟೈಪ್ ಮಾಡು. ನಂಗೆ ಕೇಳೂದಿಲ್ಲ."

ಅವಳು ಫೋನನ್ನು ತಟ್ಟಿ ನೋಡಿದಳು.

"ಫೋನಿಗೆ ಎಂತದೂ ಆಗ್ಲಿಲ್ಲ. ನನ್ನ ಕಿವಿ. ಹೋಗಿ ಒಂದು ವರ್ಷದ ಮೇಲಾಯ್ತು. ನಿನ್ನ ದನಿ ಉಂಟಲ್ಲ, ಅದೇ ಮೊದಲು ಹೋದದ್ದು. ಜನವರಿಯಲ್ಲಿ ನೀನು ಎಂತ ಕೇಳಿದ್ದು ಅಂತ ನಂಗೆ ಇವತ್ತು ಮೋಹನದಾಸ್ ಹೇಳಿ ಗೊತ್ತಾದ್ದು. ನಾನು ಬೇರೆ ಎಂತದಕ್ಕೋ ಹ್ಞೂಂ ಅಂದದ್ದು. ಕಿಟಕಿಗೆ ಹೊಸ ಪರದೆ ತಕ್ಕೊಳ್ಳುವ ವಿಷಯ ಅಂತ ಗ್ರಹಿಸಿದ್ದು. ಬಾ ಅಂತ ಹೇಳ್ತಿದ್ದೆ ನಾನು. ಕೇಳಿದ್ದಿದ್ರೆ ಬಾ ಅಂತ ಹೇಳ್ತಿದ್ದೆ."

ಪರದೆಯಲ್ಲಿ ಲೂರ್ಡ್ಸ್ ಮಾತಾಡತೊಡಗಿದಳು, ಬೇಗ ಬೇಗ, ಕೈಯಾಡಿಸಿಕೊಂಡು. ಸಿಟ್ಟು ಎಂದು ಅವನಿಗೆ ಕಂಡಿತು, ಅಳು ಎಂದೂ ಕಂಡಿತು. ತನಗೆ ಕೇಳದೆಂದು ಅವಳಿಗೆ ನೆನಪಾಗುವವರೆಗೆ ಅವನು ಕಾದ. ಅವಳು ತಲೆ ತಗ್ಗಿಸಿ ಟೈಪ್ ಮಾಡಿದಳು.

ಒಂದು ವರ್ಷ ನಾನು ಗೋಡೆಯ ಹತ್ತಿರ ಮಾತಾಡಿದ್ದಾ?

"ಹೌದು" ಎಂದ.

ನನ್ನ ತಾಯಿಯ ಗೋರಿಗೆ ಹೂ ಇಡಿ ಅಂತ ಹೇಳಿದ್ದೆ. ನನ್ನ ಮೊಣಕಾಲು ನೋವಿನ ವಿಷಯ ಹೇಳಿದ್ದೆ. ಇಲ್ಲಿ ಒಂದು ಕೂಸು ನನ್ನ ಕೈಯಲ್ಲೇ ಹೋಯಿತು ಅಂತ ಹೇಳಿದ್ದೆ.

ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಒಂದೊಂದು ಸಾಲು ಮೂಡಿದಾಗಲೂ ಅದನ್ನು ಓದಿ, "ಇಲ್ಲ, ಕೇಳ್ಳಿಲ್ಲ" ಎನ್ನುತ್ತಿದ್ದ. ಪರದೆಯ ತುಂಬ ಅವಳು ಬರೆದಳು. ಹೊರಗೆ ಕತ್ತಲು ಇಳಿಯುವ ಹೊತ್ತಿಗೆ ಅವಳ ಸಿಟ್ಟು ತೀರಿತ್ತು. ಸಹಿ ಹಾಕಿ ಆಗಿದೆ, ಮುರಿದು ಬರುವ ಹಾಗಿಲ್ಲ, ವಾರ್ಡಿನಲ್ಲಿ ಬದಲಿ ಜನವೂ ಇಲ್ಲ ಎಂದು ಬರೆದಳು. ನಾಳೆಯೇ ಕಿವಿಯ ಡಾಕ್ಟರ ಹತ್ತಿರ ಹೋಗಬೇಕು ಎಂದು ಬರೆದಳು. ಕೊನೆಗೆ, ಕೋಲು ಯಾವುದು ಎಂದು ಕೇಳಿದಳು.

"ಸೆಟ್ ಬೇಡ" ಎಂದ ಮ್ಯಾಕ್ಸಿಮ್. "ಅದು ಕಿವಿ ಇದ್ದವರಿಗೆ. ಒಂದು ವೆಜ್ ಸಾಕು. ಅದು ನನ್ನ ಹತ್ತಿರ ಮಾತಾಡ್ತದೆ."

ಕಂಕನಾಡಿಯ ಕಿವಿಯ ಡಾಕ್ಟರರಲ್ಲಿ ಪರೀಕ್ಷೆಯಾಯಿತು. ಎರಡೂ ಕಿವಿಗೆ ಯಂತ್ರ ಬಂತು. ಹಾಕಿಕೊಂಡು ಹೊರಗೆ ಬಂದರೆ ಬಸ್ಸು, ಕಾಗೆ, ತನ್ನದೇ ಚಪ್ಪಲಿ, ಎಲ್ಲ ಒಟ್ಟಿಗೆ ತಗಡು ಹರಿದಂತೆ ಮೈಮೇಲೆ ಬಿದ್ದವು. ಮೈದಾನದಲ್ಲಿ ಝಿಯಾದ್ ಮತ್ತೊಮ್ಮೆ ಆ ತೆಳು ಐರನ್ ಕೊಟ್ಟು ನೋಡಿದ. ಸ್ಟೀಲ್ ತಟ್ಟೆಗೆ ಸೌಟು ಬಿದ್ದಂಥ ಸದ್ದು. ಮ್ಯಾಕ್ಸಿಮ್ ನಕ್ಕು ಹಿಂದಿರುಗಿಸಿದ. ಹೋಗುವಾಗ ಮೋಹನದಾಸ್, "ನಾನು ಅಷ್ಟು ಜನರ ಮುಂದೆ ಕಣ್ಣು ಕಟ್ಟಿದೆನಲ್ಲ" ಎಂದ. "ನಾನು ಬಾಯಿ ಕಟ್ಟಿಕೊಂಡಿದ್ದೆ, ನಿಂದೆಂತ ತಪ್ಪು?" ಎಂದ ಮ್ಯಾಕ್ಸಿಮ್.

ಅರುವತ್ತು ತುಂಬಿದ ದಿನ ದೇಯಿ ಪಾಯಸ ಕಳಿಸಿದಳು. ಮ್ಯಾಕ್ಸಿಮ್ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋಗಿ, ಅತ್ತೆಯ ಗೋರಿಗೆ ಹೂ ಇಟ್ಟು ಬಂದು, ಪಾಯಸವನ್ನು ಒಬ್ಬನೇ ಉಂಡ.

ಸೆಪ್ಟೆಂಬರಿನಲ್ಲಿ, ಹೊಸ ಬೆಳೆಯ ಮೊಂತಿ ಹಬ್ಬಕ್ಕೆ ಲೂರ್ಡ್ಸ್ ರಜೆಯಲ್ಲಿ ಬಂದಳು. ಹೊಸ ತೆನೆ ಮನೆಗೆ ಬಂತು, ತರಕಾರಿಯ ಊಟವಾಯಿತು. ಒಂದೇ ಮನೆಯೊಳಗೆ ಎರಡು ಒಂಟಿತನಗಳು ಒಂದಕ್ಕೊಂದು ದಾರಿ ಬಿಡುತ್ತ ಓಡಾಡಿದವು. ಅವಳಿಗೆ ನಿಧಾನ ಮಾತಾಡುವುದು ರೂಢಿಯಿಲ್ಲ, ಅವನಿಗೆ ಮುಖ ನೋಡಿ ಕೇಳುವುದು ರೂಢಿಯಿಲ್ಲ. ಎರಡನೆಯ ವಾರದಲ್ಲಿ ಸ್ವಲ್ಪ ಹದಕ್ಕೆ ಬಂತು. ಅಷ್ಟರಲ್ಲಿ ರಜೆ ಮುಗಿಯಿತು.

ಬಜ್ಪೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಗಲಾಟೆ. ಟ್ರಾಲಿಗಳು, ಅಳುವ ಮಕ್ಕಳು, ಮೈಕಿನ ಕೂಗು. ಕಿವಿಯ ಯಂತ್ರಗಳು ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಿದ್ದವು. ಲೂರ್ಡ್ಸ್ ಪಾಸ್‌ಪೋರ್ಟ್ ತೋರಿಸಿ ಒಳಗೆ ಕಾಲಿಟ್ಟವಳು, ತಿರುಗಿ ಏನೋ ಹೇಳಿದಳು. ಮ್ಯಾಕ್ಸಿಮ್‌ನ ತಲೆ ತಾನಾಗಿಯೇ ಹ್ಞೂಂ ಎಂದು ಆಡಲು ಹೊರಟಿತು. ಅವನು ಅದನ್ನು ತಡೆದ.

"ಎಂತ?" ಎಂದು ಕೂಗಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. "ಕೇಳ್ಳಿಲ್ಲ! ಇನ್ನೊಮ್ಮೆ ಹೇಳು!"

ಅವಳು ಕಾವಲಿನವನಿಗೆ ಏನೋ ಹೇಳಿ, ಟ್ರಾಲಿ ಬಿಟ್ಟು, ಬಾಗಿಲಿನವರೆಗೆ ಬಂದಳು. ಅವನ ಮುಖದೆದುರು ನಿಂತು, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. "ಫ್ರಿಜ್ಜಿನಲ್ಲಿ ಬಂಗುಡೆ ಸಾರು ಉಂಟು. ನಾಳೆಗೂ ಆಗ್ತದೆ. ಬಿಸಿ ಮಾಡಿ ತಿನ್ನಿ."

"ಆಯ್ತು" ಎಂದ.

ಅವಳು ಗಾಜಿನ ಆಚೆ ಮರೆಯಾಗುವವರೆಗೆ ನಿಂತಿದ್ದು, ಅವನು ಬಸ್ಸು ಹಿಡಿದು ದೇರೆಬೈಲಿಗೆ ಬಂದ. ಮಧ್ಯಾಹ್ನ ಸಾರನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ಉಂಡ. ಹುಳಿ ಚೆನ್ನಾಗಿ ಹಿಡಿದಿತ್ತು. ಉಳಿದರ್ಧವನ್ನು ಮುಚ್ಚಿ ತಿರುಗಿ ಒಳಗಿಟ್ಟ.